ಕಾಳಪ್ಪನ ಕಟ್ಟಿಗೆಯ ಅಮರಮ್ಮ

ಆದೋನಿಯಿಂದ ಬಂದ ಕಾಗದವನ್ನು ಕರಿಬಸಯ್ಯ ಮಾಸ್ತರರು ಕಟ್ಟೆಯ ಮೇಲೆ ಕೂತು ಓದಿ ಹೇಳಿದರು. ‘ಗದ್ದಲ ಅಡಗೇತಿ ಅಂತಾರ. ಬರೋ ವಾರದಾಗ ಮಂಗಳವಾರ ರೈಲಿಗೆ ಬರ್ತೀನಿ. ನನ್ನ ಮಾರಿ ನೆನಪೈತೋ, ಮರತೇ ಬಿಟ್ಟೀರೋ?’ ಕಡೆಯ ಸಾಲನ್ನು ಮಾಸ್ತರರು ಎರಡು ಸಲ ಓದಿದರು. ಮೊದಲ ಸಲ ಕಾಳಪ್ಪನಿಗೆ, ಎರಡನೇ ಸಲ ಇಡೀ ಓಣಿಗೆ.

ಮಕ್ತಲದ ಬಡಿಗ ಕಾಳಪ್ಪ ರಜಾಕಾರರ ಹಾವಳಿಯಲ್ಲಿ ಹೆಂಡತಿ ಅಮರಮ್ಮನನ್ನು ಹೊಳೆ ದಾಟಿಸಿ ಆದೋನಿಯ ತವರಿಗೆ ಕಳಿಸಿ ಹದಿಮೂರು ತಿಂಗಳಾಗಿತ್ತು. ಮಿಲಿಟ್ರಿ ಬಂದು ಊರು ಉಸಿರು ಬಿಟ್ಟು ಒಂದು ತಿಂಗಳು. ನೊಗ, ಕುಂಟೆ ಮಾಡಿ ಪಳಗಿದ ಕೈ ಅವನದು. ಮಾತು ಮಾತ್ರ ಬಾರದು. ಲಗ್ನವಾದ ಹತ್ತು ವರ್ಷದಲ್ಲಿ ಹೆಂಡತಿಗೆ ಹೇಳಿದ ಸಿಹಿ ಮಾತೆಂದರೆ “ಸಾರು ಬೇಸೈತಿ” ಅನ್ನುವುದೊಂದೇ. ಹಾಗಾಗಿ ಕಾಗದದ ಉತ್ತರವನ್ನು ಕಟ್ಟಿಗೆಯಲ್ಲೇ ಕೊಡಲು ಕೂತ.

ಎಂಟು ದಿನದಲ್ಲಿ ಹಲಗೆಯ ಮೇಲೆ ಅಮರಮ್ಮನ ಮುಖ ಮೂಡಿತು. ಒಂದು ಹನಿ ಬಣ್ಣವಿಲ್ಲ. ಮುಖಕ್ಕೆ ಸಾಗವಾನಿ, ಕೂದಲಿಗೆ ತುಮರಿಯ ಕರಿ ತಿರುಳು, ಸೀರೆಗೆ ಬೇವು, ಕುಂಕುಮಕ್ಕೆ ರಕ್ತಚಂದನದ ಚೂರು. ಒಂದೊಂದನ್ನೂ ಕೊರೆದು, ಉಜ್ಜಿ, ಸಂದು ಕಾಣದಂತೆ ಕೂಡಿಸಿದ್ದ. ತುಟಿಯಲ್ಲಿ ಒಂದು ಸಣ್ಣ ನಗು. ಮಂಗಳವಾರ ಬೆಳಿಗ್ಗೆ, ಅಂಟು ಆರಲಿ ಎಂದು ಅಂಗಳದ ಬಿಸಿಲಿಗೆ ಇಟ್ಟ. ತಪ್ಪಾದದ್ದು ಅಲ್ಲೇ.

ಪಕ್ಕದ ಮನೆಯ ಉರುಕುಂದಮ್ಮ ಇಣುಕಿದಳು. “ಯಾರ್ದಪಾ ಇದು?”

“ನಮ್ಮಾಕೀದು.”

“ಅಯ್ಯ! ಅಮರಮ್ಮನ ಮೂಗು ಇಷ್ಟು ಸಣ್ಣ ಎಲ್ಲೈತಿ? ದಿನಾ ನೋಡಿದಾಕಿ ನಾನು. ಅಗಲ ಮೂಗದು.”

ಕಾಳಪ್ಪ ಹಲಗೆಯತ್ತ ಬಗ್ಗಿ ನೋಡಿದ. ಹದಿಮೂರು ತಿಂಗಳು! ಮರೆತೇ ಬಿಟ್ಟೆನೇನೋ! ಹಸಿ ಅಂಟಿನಿಂದ ಮೂಗನ್ನು ಕಿತ್ತು ಅಗಲವಾದದ್ದೊಂದನ್ನು ಕೂಡಿಸಿದ.

ಮಧ್ಯಾಹ್ನಕ್ಕೆ ಕಚೇರಿಯ ಜವಾನ ಮಾಳಿಂಗಪ್ಪ ಬಂದ. ತಹಸೀಲ್ದಾರರ ಹಿಂದೆ ನಿಂತು ನಿಂತು, ಕಂಡದ್ದಕ್ಕೆಲ್ಲ ತೀರ್ಪು ಕೊಡುವ ಚಟ ಅಂಟಿಸಿಕೊಂಡಿದ್ದವನು. “ಇಂಥಾ ಹೊತ್ತಿನ್ಯಾಗ ಕೂದ್ಲು ಇಷ್ಟು ಕರ‍್ರಗ ಉಳೀತಾವೇನೋ? ನಂದೇ ನೋಡು, ಆರು ತಿಂಗಳಿನ್ಯಾಗ ಹತ್ತಿಹೊಲ ಆಗೇತಿ.” ಕಾಳಪ್ಪ ಬೈತಲೆಯ ಎರಡೂ ಕಡೆ ಬಿಳಿ ಹಾಲೆಮರದ ಎಳೆ ಸೇರಿಸಿದ.

ಮಾಸ್ತರರು ಬಂದವರು ಕನ್ನಡಕ ಏರಿಸಿದರು. “ಪರಸ್ಥಳದಾಗ ಚಿಂತಿ ಮಾಡಿದ ಹೆಣ್ಮಗಳು. ಗಲ್ಲ ಒಳಗೆ ಹೋಗಿರ್ತಾವ. ಮ್ಯಾಲೆ ಈ ನಗಿ! ಗಂಡ ಇಲ್ಲದಾಗ ಹಿಂಗ ನಕ್ಕೋತ ಇದ್ಲಂತ ಊರು ತಿಳೀಬೇಕೇನು?” ಗಲ್ಲಕ್ಕೆ ಕಂದು ತುಂಡು ಬಿತ್ತು. ತುಟಿ ಪೆಟ್ಟಿಗೆಯ ಮುಚ್ಚಳದಂತೆ ಮುಚ್ಚಿಕೊಂಡಿತು.

ಎಲ್ಲರೂ ಹೋದ ಮೇಲೆ ಕಾಳಪ್ಪ ದೂರ ನಿಂತು ನೋಡಿದ. ಹಲಗೆಯೊಳಗಿನ ಹೆಂಗಸು ಅವನನ್ನೇ ಗದರುವಂತೆ ನೋಡುತ್ತಿದ್ದಳು. ಅಳುವೇ ಬಂತು. ಹಳೆಯ ತುಂಡುಗಳನ್ನೇ ಮತ್ತೆ ಹಚ್ಚೋಣವೆಂದು ಹುಡುಕಿದರೆ ಅಂಗಳ ಗುಡಿಸಿದ ಹಾಗಿತ್ತು.

“ಅವೇನಪಾ? ಚಕ್ಕಿ ಅಂತ ಒಲಿಗೆ ಹಾಕಿದೆ,” ಎಂದಳು ಗೋಡೆಯಾಚೆಯಿಂದ ಉರುಕುಂದಮ್ಮ. “ಅಮರಮ್ಮ ಹಸದು ಬರ್ತಾಳ, ಬ್ಯಾಳಿ ಬೇಯಸಾಕ ಇಟ್ಟೀನಿ.”

ಅಷ್ಟರಲ್ಲಿ ಕೃಷ್ಣಾ ಸ್ಟೇಶನ್ನಿನಿಂದ ಬಂಡಿ ಬಂದೇ ಬಿಟ್ಟಿತು. ಮೊದಲು ಇಳಿದವಳು ಅಮರಮ್ಮನಲ್ಲ, ಅವಳ ತಾಯಿ. ಮಗಳನ್ನು ಮನೆ ಮುಟ್ಟಿಸಿ ಅದೇ ಬಂಡಿಯಲ್ಲಿ ತಿರುಗಿ ಹೋಗಲು ಬಂದಿದ್ದಳು. ಹಲಗೆ ಕಂಡವಳೇ ಕಂಬದಂತೆ ನಿಂತಳು. ಅಗಲ ಮೂಗು, ನರೆಗೂದಲು, ಒಳಸೇರಿದ ಗಲ್ಲ, ಬಿಗಿದ ತುಟಿ. ಮೆಲ್ಲಗೆ ತನ್ನ ಮೂಗನ್ನೊಮ್ಮೆ ಮುಟ್ಟಿಕೊಂಡಳು. ಕಣ್ಣು ತುಂಬಿ ಬಂತು.

“ನಾನಽ ಅಲ್ಲೇನೋ ಇದು? ಹೆತ್ತ ಮಗ ಒಂದಿನ ನನ್ನ ಮಾರಿ ಎತ್ತಿ ನೋಡ್ಲಿಲ್ಲ. ನೀ ನನ್ನ ಮನಸಿನ್ಯಾಗ ಇಟ್ಕೊಂಡು ಕೊರದೀಯಲ್ಲೋ, ನನ್ನಪ್ಪಾ!”

ನಿಜ ಹೇಳಲು ಕಾಳಪ್ಪ ಬಾಯಿ ತೆರೆದ. ಆಗ ಬಾಗಿಲಲ್ಲಿ ಅಮರಮ್ಮ ಕಂಡಳು. ಕರಿ ಕೂದಲು, ಸಣ್ಣ ಮೂಗು. ಒಂದಿಷ್ಟೂ ಮರೆತಿರಲಿಲ್ಲ ಅವನು! ಅವಳು ಹಲಗೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಗಂಡನ ಕೈಬೆರಳಿನ ಗಾಯಗಳನ್ನು ನೋಡಿದಳು. ಎಲ್ಲ ತಿಳಿಯಿತು. ಸೆರಗಿನಲ್ಲಿ ನಗು ಮುಚ್ಚಿಕೊಂಡು, ‘ಹೇಳಬ್ಯಾಡ್ರಿ’ ಎಂದು ಕಣ್ಣಲ್ಲೇ ಬೇಡಿದಳು.

ಕಾಳಪ್ಪ ಹಲಗೆಯನ್ನು ಅತ್ತೆಯ ಕಡೆ ತಿರುಗಿಸಿದ. “ಹೌದ್ರೀ ಅತ್ತಿ. ನೀವಽ.”

ಮುದುಕಿ ಕಣ್ಣೊರೆಸಿಕೊಂಡು ಬಂಡಿಯವನ ಕಡೆ ತಿರುಗಿದಳು. “ತಮ್ಮಾ, ನನ್ನ ಗಂಟೂ ಇಳಿಸು. ಇಷ್ಟು ಜೀವ ಇಟ್ಕೊಂಡ ಅಳಿಯನ್ನ ಬಿಟ್ಟು ಇನ್ನ ಎಲ್ಲಿಗಂತ ಹೋಗ್ಲಿ?”

ಮನೆಗೆ ಇದ್ದದ್ದು ಒಂದೇ ಕೋಣೆ. ಕಾಳಪ್ಪ ಸುತ್ತಿಗೆ ಹಿಡಿದು ಮಂಚದೆದುರಿನ ಗೋಡೆಗೆ ಮೊಳೆ ಹೊಡೆಯತೊಡಗಿದ. ಅತ್ತೆ ಮಂಚದ ಮೇಲೆ ಕೂತು ಜಾಗ ತೋರಿಸುತ್ತಿದ್ದಳು. “ಇನ್ನಷ್ಟು ಕೆಳಗಪ್ಪಾ. ನೀ ಮಕ್ಕೊಂಡ್ರೂ ನಾ ಕಾಣಬೇಕು.”