ಇದ್ರಾಗ ನನ್ನ ಹಿತ ಐತಿ

ನಮ್ಮ ದೊಡ್ಡಪ್ಪನನ್ನು ಮನೆಯಿಂದ ಹೊರಗೆ ಕಳಿಸುವುದು ಬಹಳ ಸುಲಭವಿತ್ತು. ಜಗಳ ಬೇಡ, ಬೈಗುಳ ಬೇಡ. ಅವರಿಗೆ ಒಳ್ಳೆಯದಾಗುವ ಮಾತೊಂದನ್ನು ತೆಗೆದರೆ ಸಾಕು, ತಾವಾಗಿಯೇ ಎದ್ದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು! ಊರಿನ ಜನವೆಲ್ಲ ಲಾಭವಿದ್ದ ಕಡೆ ಒಳಗೆ ನುಗ್ಗಿದರೆ ಇವರೊಬ್ಬರು ಹೊರಗೆ ಓಡುತ್ತಿದ್ದರು. ಇಂಥವರ ಜೊತೆ ಒಂದೇ ಮನೆಯಲ್ಲಿ ಬಾಳುವ ಕಷ್ಟ ನಿಮಗೇನು ಗೊತ್ತು?

ತಪ್ಪೆಲ್ಲ ಸಿಂಧನೂರಿನದು. ಎಂಬತ್ತರ ದಶಕದಲ್ಲಿ ದೊಡ್ಡಪ್ಪ ಮಸ್ಕಿ ಹತ್ತಿರದ ನಮ್ಮೂರಿನ ರೈತರ ಸಹಕಾರ ಸಂಘಕ್ಕೆ ಡೈರೆಕ್ಟರ್ ಆಗಿ ಆರಿಸಿ ಬಂದರು. ಹೊಸ ಡೈರೆಕ್ಟರುಗಳಿಗೆಲ್ಲ ಸಿಂಧನೂರಿನಲ್ಲಿ ಒಂದು ದಿನದ ತರಬೇತಿ. ಉಳಿದವರು ಉಪ್ಪಿಟ್ಟು ತಿಂದು, ಸಹಿ ಮಾಡಿ, ಭತ್ತದ ರೇಟು ಕೇಳಲು ಮಾರ್ಕೆಟ್ಟಿಗೆ ಹೋದರು. ದೊಡ್ಡಪ್ಪ ಮಾತ್ರ ಮುಂದಿನ ಬೆಂಚಿನಲ್ಲಿ ಕೂತು ಸಂಜೆಯವರೆಗೆ ಬರೆದುಕೊಂಡರು. ಬೈಲಾ, ಅಜೆಂಡಾ, ಕೋರಂ, ಠರಾವು, ಒಂದನ್ನೂ ಬಿಡಲಿಲ್ಲ. ಆದರೆ ತಲೆಗೆ ಗಟ್ಟಿಯಾಗಿ ಹತ್ತಿದ್ದು ಒಂದೇ ಮಾತು: ತನ್ನ ಹಿತ ಇರುವ ವಿಷಯ ಸಭೆಗೆ ಬಂದರೆ ಡೈರೆಕ್ಟರ್ ಆದವನು ಎದ್ದು ಹೊರಗೆ ಹೋಗಬೇಕು.

ಸಂಘದಲ್ಲಿ ಎದ್ದು ಹೋಗಲಿ, ಯಾರು ಬೇಡ ಅಂದರು? ಇವರು ಅದನ್ನು ಅಡುಗೆಮನೆಗೂ ತಂದರು.

ಮರುದಿನವೇ ದೊಡ್ಡವ್ವ ಕೇಳಿದಳು, "ಬದ್ನಿಕಾಯಿ ಎಣ್ಣೆಗಾಯಿ ಮಾಡ್ಲ್ಯೋ, ಹೆಸರುಬ್ಯಾಳಿ ಮಾಡ್ಲ್ಯೋ?" ಎಣ್ಣೆಗಾಯಿ ಎಂದರೆ ದೊಡ್ಡಪ್ಪನಿಗೆ ಪ್ರಾಣ. ಗಂಭೀರವಾಗಿ ಎದ್ದು ನಿಂತರು.

"ಇದ್ರಾಗ ನನ್ನ ಹಿತ ಐತಿ. ನಾ ಹೊರಗ ಕುಂದರ್ತೀನಿ. ನೀವು ಠರಾವು ಮಾಡ್ರಿ."

"ಇವರಿಗೇನರ ಗಾಳಿ ಬಡದೈತೇನು?" ಎಂದು ದೊಡ್ಡವ್ವ ನನ್ನ ಮುಖ ನೋಡಿದಳು. ಸಿಟ್ಟಿಗೆ ಹೆಸರುಬೇಳೆಯನ್ನೇ ಮಾಡಿ ಬಡಿಸಿದಳು. ದೊಡ್ಡಪ್ಪ ಅದನ್ನೇ ಉಂಡು ಎದ್ದರು. ಮುಂದೆ ತಿಂಗಳುಗಟ್ಟಲೆ ನಮ್ಮ ಮನೆಗೆ ಬದನೆಕಾಯಿಯೇ ಬರಲಿಲ್ಲ. ಎಣ್ಣೆಗಾಯಿ ನನಗೂ ಇಷ್ಟವಿತ್ತು, ಅದನ್ನು ಕೇಳುವವರು ಯಾರು?

ನನ್ನ ಕಾಲೇಜಿನ ಅಡ್ಮಿಷನ್ನಿಗೆಂದು ನಾನೂ ದೊಡ್ಡಪ್ಪನೂ ಲಿಂಗಸುಗೂರು ಬಸ್ಸು ಹತ್ತಿದೆವು. ಕಾಲಿಡಲು ಜಾಗವಿಲ್ಲ. ನಡುವೆ ಒಂದು ಸೀಟು ಖಾಲಿಯಾಯಿತು. ಕಂಡಕ್ಟರ್ ದೊಡ್ಡಪ್ಪನನ್ನೂ ಪಕ್ಕದಲ್ಲಿ ನಿಂತ ಇನ್ನೊಬ್ಬ ಮುದುಕನನ್ನೂ ನೋಡಿ, "ಇಬ್ಬರಾಗ ಯಾರು ಕುಂದರ್ತೀರಿ, ಲಗೂನ ಹೇಳ್ರಿ" ಎಂದ. ದೊಡ್ಡಪ್ಪ ಅಭ್ಯಾಸಬಲದಿಂದ, "ಇದ್ರಾಗ ನನ್ನ ಹಿತ ಐತಿ, ನಾ ಹೊರಗ ಹೊಕ್ಕೀನಿ" ಅಂದರು. ಕಂಡಕ್ಟರನಿಗೆ ಕೇಳಿಸಿದ್ದು ಕೊನೆಯ ಮಾತಷ್ಟೇ. ಸೀಟಿ ಊದಿದ, ಬಸ್ಸು ನಿಂತಿತು, ಹಿಂದಿನವರು ನೂಕಿದರು. ಬಟಾಬಯಲಿನಲ್ಲಿ ನಾವಿಬ್ಬರು! ಉಳಿದ ದಾರಿ ಬಿಸಿಲಲ್ಲಿ ನಡೆದೆವು. "ನಿಯಮ ಅಂದ್ರ ನಿಯಮ" ಎಂದು ಅವರು ದಾರಿಯುದ್ದಕ್ಕೂ ಹೇಳಿದರು.

ತಾವು ಎದ್ದು ಹೋಗುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬೇರೆಯವರನ್ನೂ ಎಬ್ಬಿಸತೊಡಗಿದರು. ಸಂಘದ ಗೋದಾಮಿಗೆ ಜಾಗ ನೋಡುವಾಗ ಸಂತೆಕಲ್ಲೂರಿನ ಡೈರೆಕ್ಟರ್ ತಮ್ಮ ಹೊಲದ ಮೂಲೆಯೇ ಚೆನ್ನಾಗಿದೆ ಎಂದರಂತೆ. "ಇದ್ರಾಗ ನಿಮ್ಮ ಹಿತ ಐತಿ. ಹೊರಗ ನಡೀರಿ" ಎಂದು ದೊಡ್ಡಪ್ಪ ಬಾಗಿಲು ತೋರಿಸಿದರು.

"ನನಗ ಹೊರಗ ನಡಿ ಅಂತೀಯೇನು?" ಎಂದು ಹೋದ ಆ ಮನುಷ್ಯ ಮತ್ತೆ ಸಭೆಗೆ ಬರಲಿಲ್ಲ. ಇಬ್ಬರ ನಡುವೆ ಮಾತೂ ನಿಂತಿತು.

ಇದರ ಪೆಟ್ಟು ಬಿದ್ದದ್ದು ನನಗೆ. ನಾನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು ಮನೆಯಲ್ಲಿದ್ದೆ. ಸಂಘಕ್ಕೆ ಒಬ್ಬರು ಗುಮಾಸ್ತರು ಬೇಕಾದರು, ಅರ್ಜಿ ಹಾಕಿದೆ. ಅಪ್ಪ ಮೊದಲೇ ಹೇಳಿದ್ದರು, "ದೀಪಾವಳಿ ಒಳಗ ನೌಕರಿ ಸಿಕ್ರ ಸಿಕ್ತು. ಇಲ್ಲಂದ್ರ ಸಾಲಗುಂದದ ವರಗ ಹೂಂ ಅಂತೀನಿ." ಆ ವರ ನನ್ನನ್ನು ನೋಡಲು ಬಂದಾಗ, ಹುಡುಗಿ ಓದಿದ್ದು ಜಾಸ್ತಿಯಾಯಿತು, ಆದರೂ ಮಾಡಿಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದ. ಅವನನ್ನು ಕಟ್ಟಿಕೊಳ್ಳುವುದು ನನಗೆ ಬೇಡವೇ ಬೇಡವಾಗಿತ್ತು.

ಸಂಘದಲ್ಲಿ ಒಂಬತ್ತು ಡೈರೆಕ್ಟರುಗಳು, ಕೋರಂಗೆ ಐವರು ಬೇಕು. ಸಭೆಗೆ ಬರುತ್ತಿದ್ದವರು ಸರಿಯಾಗಿ ಐವರೇ, ದೊಡ್ಡಪ್ಪನೂ ಸೇರಿ. ನನ್ನ ಅರ್ಜಿ ಓದಿದ ಕೂಡಲೇ ಅವರು ಎದ್ದರು. ನಾನು ಕಿಟಕಿಯ ಬಳಿ ನಿಂತು ಕೇಳುತ್ತಿದ್ದೆ.

"ಅರ್ಜಿ ಹಾಕಿದಾಕಿ ನನ್ನ ತಮ್ಮನ ಮಗಳು. ಇದ್ರಾಗ ನನ್ನ ಹಿತ ಐತಿ."

ಅಧ್ಯಕ್ಷರು ಕೈಮುಗಿದರು. "ಯಜಮಾನ್ರ, ನೀವು ಎದ್ರ ಕೋರಂ ತಪ್ಪತೈತಿ. ಮಾತಾಡಬ್ಯಾಡ್ರಿ, ಸುಮ್ನ ಕುಂದರ್ರಿ ಸಾಕು."

"ನಾ ಸುಮ್ನ ಕುಂತ್ರ ನನ್ನ ಹಿತ ಸುಮ್ನ ಕುಂದರ್ತೈತೇನ್ರಿ?"

ಕೋರಂ ಇಲ್ಲದೆ ಸಭೆಯನ್ನು ಮುಂದಕ್ಕೆ ಹಾಕಿದರು. ಮರುತಿಂಗಳೂ ಇದೇ ಕಥೆ! "ದೊಡ್ಡಪ್ಪ, ನಿನ್ನ ನಿಯಮ ನನ್ನ ಬಾವಿಗೆ ನೂಕಾಕತ್ತೈತಿ!" ಎಂದು ನಾನು ಚೀರಿದೆ. ಅಪ್ಪ ಅಣ್ಣನ ಜೊತೆ ಮಾತು ಬಿಟ್ಟರು. ದೊಡ್ಡಪ್ಪ ಮಾತ್ರ ಮನೆಯ ಕಟ್ಟೆಯ ಮೇಲೆ ಕೂತು ಬೈಲಾ ಪುಸ್ತಕ ತಿರುವುತ್ತಲೇ ಇದ್ದರು. ಆ ಪುಸ್ತಕವನ್ನು ಒಲೆಗೆ ಹಾಕಬೇಕು ಅನ್ನಿಸಿತ್ತು ನನಗೆ.

ದೀಪಾವಳಿಗೆ ಮುಂಚಿನ ಕೊನೆಯ ಸಭೆ. ಬೆಳಿಗ್ಗೆಯೇ ಸೈಕಲ್ ತಗೊಂಡು ದೊಡ್ಡಪ್ಪ ನಾಪತ್ತೆ. "ಮಾರಿ ತೋರ್ಸಾಕ ಆಗ್ಲಾರ್ದ ಓಡಿಹೋಗ್ಯಾನ" ಎಂದರು ಅಪ್ಪ. ಸಭೆಯ ಹೊತ್ತಿಗೆ ಸೈಕಲ್ ಬಂತು. ಕ್ಯಾರಿಯರ್ ಮೇಲೆ ಯಾರು? ಸಂತೆಕಲ್ಲೂರಿನ ಡೈರೆಕ್ಟರ್!

ಅವರನ್ನು ಒಳಗೆ ಬಿಟ್ಟು ದೊಡ್ಡಪ್ಪ ಸಂಘದ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತರು. ಒಳಗಿನ ಮಾತೂ ತಾಕಬಾರದೆಂದು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ಒಳಗೆ ಐದೂ ಕೈಗಳು ಮೇಲೆದ್ದವು.

ಸಂತೆಕಲ್ಲೂರಿನವರೇ ಆಮೇಲೆ ನನಗೆ ಹೇಳಿದರು. "ನಮ್ಮನಿ ಬಾಗಲಾಗ ಬಂದು ನಿಂತ. 'ನೀ ಬಂದ್ರ ನಾ ಹೊರಗ ಕುಂದರಬಹುದು, ಬಾ' ಅಂದ. ಹುಡುಗಿಗೆ ಕೈ ಎತ್ತು ಅಂತ ಒಂದ್ ಮಾತು ಅನ್ಲಿಲ್ಲ ನೋಡವ್ವ."

ಆಮೇಲೆ ಎಷ್ಟೋ ವರ್ಷ ಸಂಘದ ನಡಾವಳಿ ಪುಸ್ತಕ ಬರೆದವಳು ನಾನೇ. ನನ್ನ ರಜೆಯ ಮಾತು ಬಂದರೂ ದೊಡ್ಡಪ್ಪ ಹೊರಗೆ! ನಾನು ಪ್ರತಿ ಸಲವೂ ಸಿಡುಕುತ್ತಲೇ ಅದನ್ನು ಬರೆದುಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮುಂದಿನ ಸಭೆಯ ಮೊದಲ ವಿಷಯ ಅವರ ಸಂತಾಪದ ಠರಾವು. "ಬರ್ಕೋವ್ವ" ಎಂದರು ಅಧ್ಯಕ್ಷರು. ನಾನು ಪೆನ್ನು ಹಿಡಿದೆ, ಬಿಟ್ಟೆ, ಎದ್ದು ನಿಂತೆ.

"ಇದ್ರಾಗ ನನ್ನ ಹಿತ ಐತ್ರಿ."

ಯಾರೂ ನಗಲಿಲ್ಲ. ಸಂತೆಕಲ್ಲೂರಿನವರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಹೊರಗೆ ಹೋಗಿ, ಕಟ್ಟೆಯ ಮೇಲೆ ಅವರು ಕೂರುತ್ತಿದ್ದ ಜಾಗ ಬಿಟ್ಟು, ಪಕ್ಕದಲ್ಲಿ ಕೂತೆ. ಅವರಂತೆ ಕಿವಿ ಮಾತ್ರ ಮುಚ್ಚಿಕೊಳ್ಳಲಿಲ್ಲ. ಒಳಗೆ ಅವರ ಹೆಸರು ಓದುತ್ತಿದ್ದರು, ನನಗೆ ಅದು ಕೇಳಬೇಕಿತ್ತು.