ಕಾಮಾಕ್ಷಮ್ಮನ ಪ್ರಮಾಣಪತ್ರ

“ನೀರು ಕುಡಿಯೋಕೂ ಇವ್ಳ ಕೈಯೇ ಬೇಕು ಅಂತ ಬರ್ದಿದೀರಲ್ಲ, ಹೊಡೆದಾಕಿ ಸಾ ಆ ಸಾಲ್ನ!”

ಕಾಮಾಕ್ಷಮ್ಮ ಊರುಗೋಲಿನಿಂದ ವಕೀಲ ಜಿನಚಂದ್ರನ ಮೇಜು ಕುಟ್ಟಿದಳು. ಪಕ್ಕದಲ್ಲಿ ತಂಗಿ ರೇವಮ್ಮ ಚೀಲ ಅವುಚಿಕೊಂಡು ಕೂತಿದ್ದಳು.

ಅಂಗವಿಕಲರಿರುವ ಮನೆಗೆ ಅವರೂರ ಪುರಸಭೆ ಅರ್ಧ ಕಂದಾಯ ಮಾಫಿ ಮಾಡುತ್ತಿತ್ತು. ಈ ವರ್ಷ ಹೊಸ ಆದೇಶ: ಮನೆಯಲ್ಲಿ ಸಮರ್ಥರಾದ ಇನ್ನೊಬ್ಬರಿದ್ದರೆ ಮಾಫಿಯಿಲ್ಲ. ಪೋಲಿಯೋದಲ್ಲಿ ಕಾಲು ಸೋತ ಕಾಮಾಕ್ಷಮ್ಮನಿಗೆ ಗುಮಾಸ್ತ, “ತಂಗೀನ ಬೇರೆ ಮನೇಲಿಡಿ, ಮಾಫಿ ಸಿಗುತ್ತೆ” ಎಂದಿದ್ದ. ಅಂದಿನಿಂದ ರೇವಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ದಾವೆ ಹೂಡಲು ಇಬ್ಬರೂ ಹಾಸನಕ್ಕೆ ಬಂದಿದ್ದರು.

ಜಿನಚಂದ್ರ: ಅಮ್ಮಾ, ನೋಡ್ಕೊಳ್ಳೋರಿಲ್ದೆ ನಿಮಗಾಗಲ್ಲ ಅಂತ ತೋರಿಸಿದ್ರೇನೆ ಆ ಆದೇಶ ಬೀಳೋದು.

ಕಾಮಾಕ್ಷಮ್ಮ: ಈ ಪ್ರಮಾಣಪತ್ರದ ಕೆಳಗೆ ‘ದೇವರ ಸಾಕ್ಷಿಯಾಗಿ’ ಅಂತಿದೆ. ರುಜು ಹಾಕೋ ಪೆನ್ನನ್ನೂ ನರಸಿಂಹಸ್ವಾಮಿ ಪಾದದ ಹತ್ರ ಇಟ್ಟು ತಂದಿದೀನಿ. ಸುಳ್ಳು ಬರೆಯೋಕಾ?

ರೇವಮ್ಮ: ನೀರು ಸೇದೋಳು ನಾನೇ ಅಲ್ವೇನೆ ಅಕ್ಕಾ?

ಕಾಮಾಕ್ಷಮ್ಮ: ಸೇದ್ತೀಯ. ಆಮೇಲೆ ಬಿಂದಿಗೆ ಎಲ್ಲಿಟ್ಟೆ ಅಂತ ಮರೀತೀಯ. ಹುಡುಕೋಳು ನಾನು.

ಜಿನಚಂದ್ರ: ಅಡುಗೆ?

ಕಾಮಾಕ್ಷಮ್ಮ: ಮಣೆ ಮೇಲೆ ಕೂತು ನಾನೇ ಮಾಡೋದು. ಇವ್ಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತಾಳೆ.

ರೇವಮ್ಮ: ಒಂದೇ ದಿನ ಆಗಿದ್ದು!

ಕಾಮಾಕ್ಷಮ್ಮ: ಶ್ರಾವಣ ಶನಿವಾರ. ಅವತ್ತು ಉಂಡು ಹೋದ ದಾಸಯ್ಯ ಇವತ್ತಿಗೂ ನಮ್ಮ ಬೀದಿಗೆ ಕಾಲಿಟ್ಟಿಲ್ಲ.

ಜಿನಚಂದ್ರ (ಆಸೆಯಿಂದ): ಊರಾಚೆ ಹೋಗೋಕಾದ್ರೂ ತಂಗಿ ಬೇಕಲ್ವ?

ಕಾಮಾಕ್ಷಮ್ಮ: ಇವತ್ತು ಬರ್ತಾ, ಮೊಸಳೆ ಅನ್ನೋ ಊರಿನ ಸ್ಟಾಪ್ ಬರೋ ಮುಂಚೆನೇ ಬಸ್ಸಲ್ಲಿ ವಾಂತಿ ಮಾಡ್ಕೊಂಡಿದ್ಯಾರು? ತಲೆ ಹಿಡ್ಕೊಂಡಿದ್ಯಾರು? ಕೇಳಿ!

ಜಿನಚಂದ್ರ ಒಂದೊಂದೇ ಸಾಲು ಹೊಡೆದುಹಾಕಿ, ಹೇಳಿದ್ದನ್ನೆಲ್ಲ ಬರೆದುಕೊಂಡ. ಓದಿ ನೋಡಿ ಕನ್ನಡಕ ತೆಗೆದ.

“ಅಮ್ಮಾ, ಇದ್ರ ಪ್ರಕಾರ ನೋಡ್ಕೊಳ್ಳೋರು ನೀವು, ಆರೈಕೆ ಬೇಕಾದೋರು ಇವ್ರು. ಇವ್ರು ಬೇರೆ ಮನೆಗೆ ಹೋದ್ರೆ ನಿಮಗೇನು ನಷ್ಟ?”

ಅಕ್ಕ ಏನನ್ನುತ್ತಾಳೋ ಎಂದು ರೇವಮ್ಮ ನೆಲ ನೋಡಿದಳು.

ಕಾಮಾಕ್ಷಮ್ಮ: ನಷ್ಟ ಏನಾ? ಬೆಳಗೆದ್ದು ಯಾರನ್ನ ಬಯ್ಲಿ ಸಾ? ಗೋಡೆನಾ?

ಜಿನಚಂದ್ರ: ಅದನ್ನ ಯಾವ ಕಾಯ್ದೆ ಕೆಳಗೆ ಹಾಕ್ಲಮ್ಮಾ?

ಕಾಮಾಕ್ಷಮ್ಮ: ಕಾಯ್ದೆ ಯಾಕೆ? ಆ ಆದೇಶ ಇನ್ನೊಂದ್ಸಲ ಓದಿ.

ಜಿನಚಂದ್ರ: ‘ಸಮರ್ಥರಾದ ಇನ್ನೊಬ್ಬರು ಮನೆಯಲ್ಲಿದ್ದಲ್ಲಿ...’

ಕಾಮಾಕ್ಷಮ್ಮ: ಎಲ್ಲಿದ್ದಾರೆ ಇನ್ನೊಬ್ರು? ಉಪ್ಪು, ಬಿಂದಿಗೆ, ಬಸ್ಸು, ಎಲ್ಲಾ ಬರ್ಕೊಂಡಿದೀರಲ್ಲ! ನಮ್ಮನೇಲಿ ಅಂಗವಿಕಲೆ ನಾನೇ, ಸಮರ್ಥಳೂ ನಾನೇ. ಇದಕ್ಕಾದ್ರೆ ಈಗ್ಲೇ ರುಜು ಹಾಕ್ತೀನಿ. ರೇವೂ, ಪೆನ್ನು ಕೊಡೇ!

ಬೈಗುಳ ಇಷ್ಟು ಸಿಹಿಯಾಗಿರುತ್ತದೆಂದು ರೇವಮ್ಮನಿಗೆ ಗೊತ್ತಿರಲಿಲ್ಲ. ನಗುನಗುತ್ತಾ ಚೀಲ ತಡಕಿದಳು. ಕರ್ಚೀಫು ಬಂತು, ಕುಂಕುಮದ ಪೊಟ್ಟಣ ಬಂತು, ವಾಪಸು ಬಸ್ಸಿಗೆಂದು ಇಟ್ಟ ನಿಂಬೆಹಣ್ಣು ಬಂತು. ಪೆನ್ನು ಬರಲಿಲ್ಲ. ಚೀಲವನ್ನೇ ಮೇಜಿನ ಮೇಲೆ ಬೋರಲು ಹಾಕಿದಳು.

“ತುರುಬಲ್ಲಿ ಸಿಗಿಸ್ಕೊಂಡಿದೀಯ ಕಣೆ!” ಎಂದು ಕಾಮಾಕ್ಷಮ್ಮ ಪೆನ್ನು ಕಿತ್ತುಕೊಂಡು ವಕೀಲನತ್ತ ತಿರುಗಿದಳು. “ಬರ್ಕೊಳಿ ಸಾ, ಸಾಕ್ಷೀನೂ ಸಿಕ್ತು!”