ಮಂಗಟ್ಟೆ ಗೂಡು ಕಟ್ಟುವ ಕಾಲ

ನಮ್ಮ ಮನೆಯಲ್ಲಿ ಪ್ರವಾಸವೆಂದರೆ ಅಡುಗೆಮನೆಯ ವರ್ಗಾವಣೆ. ಬೆಟ್ಟಕ್ಕೆ ಹೋದರೆ ಬೆಟ್ಟದಲ್ಲಿ ಚಹಾ ಕಾಯಿಸುತ್ತೇನೆ. ಸಮುದ್ರಕ್ಕೆ ಹೋದರೆ ಸಮುದ್ರಕ್ಕೆ ಬೆನ್ನು ಹಾಕಿ ಕಾಯಿಸುತ್ತೇನೆ. ಆದ್ದರಿಂದ ಮಳೆಕಾಡಿನ ಪ್ರಾಣಿಪಕ್ಷಿ ನೋಡಲು ಹೋಗುವ ಮಾತು ಬಂದಾಗ ಒಂದೇ ಷರತ್ತು ಹಾಕಿದೆ: ಅಲ್ಲಿ ನಾನು ಒಲೆ ಮುಟ್ಟುವುದಿಲ್ಲ.

"ಆಯ್ತು ಬಿಡೇ. ಯಾವ ಕಾಲದಲ್ಲಿ ಹೋಗೋದು ಅನ್ನೋದು ಮುಖ್ಯ, ಅದನ್ನ ನನಗೆ ಬಿಡು" ಎಂದರು ನನ್ನ ಗಂಡ. ಅವರು ಬಸ್ಸುಗಳ ವೇಳಾಪಟ್ಟಿ ತಯಾರಿಸುವ ಕಚೇರಿಯಲ್ಲಿದ್ದಾರೆ. ಕಾಲನಿರ್ಣಯ ಅವರ ಇಲಾಖೆ. (ಮನೆಗೆ ತರಕಾರಿ ತರುವ ಕಾಲ ಮಾತ್ರ ಇನ್ನೂ ನಿರ್ಣಯವಾಗಿಲ್ಲ.)

ಊಟದ ಮೇಜಿನ ಸುತ್ತ ಮಹಾಸಮ್ಮೇಳನ ಸೇರಿತು.

"ಮಳೆಗಾಲವೇ ಸರಿ. ಕಾಡು ತುಂಬಿಕೊಂಡಿರುತ್ತೆ, ಕಪ್ಪೆಗಳು ಹಾಡ್ತಿರ್ತವೆ" ಎಂದರು ಗಂಡ.

"ಜಿಗಣೆ ಇರುತ್ತಂತಲ್ಲೋ" ಎಂದರು ಅತ್ತೆ.

"ಇದ್ದರೆ ಇವಳಿಗೇನಮ್ಮ? ವೃತ್ತಿಬಾಂಧವರು." (ನಾನು ಪ್ರಯೋಗಾಲಯದಲ್ಲಿ ರೋಗಿಗಳ ರಕ್ತ ತೆಗೆಯುವವಳು.)

"ಮೂರು ಜನರ ಒದ್ದೆ ಕಾಲುಚೀಲ ಯಾರು ಒಣಗಿಸೋದು?" ಎಂದೆ.

"ಅವು ತಾವೇ ಒಣಗ್ತವಲ್ಲ?" ಎಂದರು ಗಂಡ, ನಿಜವಾದ ಅಚ್ಚರಿಯಿಂದ. ಅವರ ಅನುಭವದಲ್ಲಿ ಕಾಲುಚೀಲ ತಾನೇ ಒಣಗಿ, ತನ್ನ ಜೋಡಿಯನ್ನು ಹುಡುಕಿಕೊಂಡು, ಕಪಾಟಿನೊಳಗೆ ಹೋಗಿ ಮಲಗುತ್ತದೆ.

"ಮಳೆ ನಿಂತ ಮೇಲೆ ಹೋಗೋಣ. ತಂಪಿರುತ್ತೆ, ನನ್ನ ಮಂಡಿನೂ ಮಾತು ಕೇಳುತ್ತೆ" ಎಂಬುದು ಅತ್ತೆಯ ಮಂಡನೆ.

"ಆಗ ಕಾಡಲ್ಲಿ ಪ್ರಾಣಿಗಿಂತ ಪ್ರವಾಸಿಗರೇ ಜಾಸ್ತಿ ಅಮ್ಮ."

ನನ್ನ ಆಯ್ಕೆ ಆಗಲೇ ಮುಗಿದಿತ್ತು. ಪ್ರಯೋಗಾಲಯದ ಹಳೆಯ ಪತ್ರಿಕೆಯೊಂದರಲ್ಲಿ ಮಂಗಟ್ಟೆ ಎಂಬ ದೊಡ್ಡ ಕೊಕ್ಕಿನ ಹಕ್ಕಿಯ ಬಗ್ಗೆ ಓದಿದ್ದೆ. ಬಿಸಿಲಿನ ತಿಂಗಳುಗಳಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಗಿಲನ್ನು ಮೆತ್ತಿ ಮುಚ್ಚಿ, ಕೊಕ್ಕು ಆಡುವಷ್ಟು ಸೀಳು ಬಿಟ್ಟುಕೊಳ್ಳುತ್ತದಂತೆ. ಅದಕ್ಕೆ ಹಣ್ಣು ಹೊತ್ತು ತಂದು ಉಣಿಸುವುದು ಗಂಡಿನ ಕೆಲಸ. ಗಂಡಿನ! ನಾನು ಆ ಸಾಲನ್ನು ಎರಡನೇ ಸಲ ಓದಿ ಮುಗಿಸುವವರೆಗೆ ರೋಗಿಯೊಬ್ಬರು ತೋಳು ಚಾಚಿಕೊಂಡೇ ಕೂತಿದ್ದರು.

"ಮಂಗಟ್ಟೆ ಗೂಡು ಕಟ್ಟೋ ಕಾಲಕ್ಕೇ ಹೋಗೋಣ. ಗಂಡು ಊಟ ತಂದುಕೊಡೋದನ್ನ ಸಾಯೋದರೊಳಗೆ ಒಮ್ಮೆ ಕಣ್ಣಾರೆ ನೋಡಬೇಕು" ಎಂದೆ.

"ಆ ಸೆಕೆಯಲ್ಲಾ? ಬೆಂದುಹೋಗ್ತೀವಿ ಕಣೇ!"

"ನಮ್ಮ ಅಡುಗೆಮನೆಯಲ್ಲಿ ಈಗೇನು ಹಿಮ ಬೀಳ್ತಿದೆಯಾ?"

ಅತ್ತೆ ಅನಿರೀಕ್ಷಿತವಾಗಿ ಪಕ್ಷಾಂತರ ಮಾಡಿದರು. "ನಾನೂ ನೋಡ್ಬೇಕಮ್ಮ. ನಿಮ್ಮ ಮಾವ ಇರೋತನಕ ಒಂದು ಲೋಟ ನೀರು ತಾವಾಗಿ ಬಗ್ಗಿಸಿಕೊಂಡವರಲ್ಲ."

ಬಹುಮತದಿಂದ ಬೇಸಿಗೆ ಗೆದ್ದಿತು. ಕಾಡಿನಂಚಿನ ಅತಿಥಿಗೃಹಕ್ಕೆ ವಿಜಯೋತ್ಸಾಹದಲ್ಲಿ ನಾನೇ ಫೋನ್ ಮಾಡಿದೆ.

"ಆಗ ಯಾರೂ ಬರಲ್ಲ ಮೇಡಂ. ಪೂರ್ತಿ ಮನೆ ನಿಮ್ಮದೇ" ಎಂದ ವ್ಯವಸ್ಥಾಪಕ.

"ಊಟದ ವ್ಯವಸ್ಥೆ?"

"ಎಲ್ಲಾ ಇದೆ ಮೇಡಂ."

ಅಲ್ಲಿ ತಲುಪಿದ ದಿನ ಕೈತೊಳೆದು, ಕಾಲು ಚಾಚಿ, ಊಟದ ಕೋಣೆಯಲ್ಲಿ ಮಹಾರಾಣಿಯಂತೆ ಆಸೀನಳಾದೆ. ಊಟ ಬರಲಿಲ್ಲ, ವ್ಯವಸ್ಥಾಪಕ ಬಂದ.

"ಅಡುಗೆಯವರು ಈ ಕಾಲದಲ್ಲಿ ರಜಾ ಹಾಕಿ ಊರಿಗೆ ಹೋಗ್ತಾರೆ ಮೇಡಂ, ಜನ ಇರಲ್ಲವಲ್ಲ. ಗ್ಯಾಸು, ಪಾತ್ರೆ, ದಿನಸಿ ಎಲ್ಲಾ ಇದೆ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ."

ತಿಳಿದುಕೊಳ್ಳಲು ನನಗೇನೂ ಕಷ್ಟವಾಗಲಿಲ್ಲ.

"ಕಾಲ ಆರಿಸಿದ್ದು ನೀನೇ" ಎಂದರು ಗಂಡ, ಬಹಳ ಮೃದುವಾಗಿ. ಒಲೆ ಮುಟ್ಟೆನೆಂಬ ನನ್ನ ಭೀಷಣ ಪ್ರತಿಜ್ಞೆ ಅತ್ತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹೊತ್ತಿಗೆ ಕೊನೆಯುಸಿರೆಳೆಯಿತು. ಬರಿಹೊಟ್ಟೆಗೆ ಮಾತ್ರೆ ಕೊಡಲಾಗುತ್ತದೆಯೇ?

ಮರುದಿನ ಬೆಳಗ್ಗೆ ಗೂಡು ತೋರಿಸಲು ಮಾರ್ಗದರ್ಶಿ ಬಂದಾಗ ಅನ್ನ ಅರ್ಧ ಬೆಂದಿತ್ತು. "ನೀವು ನಡೀರಿ, ನಾಳೆ ನಾನು ಹೋಗ್ತೀನಿ" ಎಂದು ತಾಯಿ, ಮಗ ಇಬ್ಬರನ್ನೂ ಕಳಿಸಿ ಈರುಳ್ಳಿ ಹೆಚ್ಚಲು ಕೂತೆ.

ಬಿಸಿಲೇರಿದ ಮೇಲೆ ಇಬ್ಬರೂ ಹಿಂದಿರುಗಿದರು. ಗಂಡನ ಕಣ್ಣು ತೇವವಾಗಿತ್ತು. ನನ್ನದೂ ಆಗಿತ್ತು, ಈರುಳ್ಳಿಯಿಂದ.

"ಏನಂತ ಹೇಳ್ಲಿ! ಆ ಗಂಡು ಪಾಪ ಹಾರಿಹೋಗುತ್ತೆ, ಹಣ್ಣು ತರುತ್ತೆ, ಕೊಡುತ್ತೆ, ಮತ್ತೆ ಹಾರುತ್ತೆ. ಒಂದು ಸಲನಾದ್ರೂ ಗೊಣಗಲಿಲ್ಲ. ನನಗೆ ನಾಚಿಕೆ ಆಯ್ತು ಕಣೇ. ಇಷ್ಟು ವರ್ಷ ನಿನಗೆ ನಾನೇನು ಮಾಡಿದೀನಿ?"

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ದಾರಿಯುದ್ದಕ್ಕೂ ಇದನ್ನೇ ಹೇಳ್ತಾ ಬಂದ" ಎಂದು ಅತ್ತೆ ಸಾಕ್ಷಿ ನುಡಿದರು.

"ಇನ್ಮೇಲೆ ನಾನೂ ಹಾಗೇ" ಎಂದು ಘೋಷಿಸಿದ ಗಂಡ ನೇರ ಉಗ್ರಾಣಕ್ಕೆ ನಡೆದರು. ಅಕ್ಕಿ ತಂದರು, ಬೇಳೆ ತಂದರು, ಆಲೂಗಡ್ಡೆ ತಂದರು. ಒಂದೊಂದನ್ನೂ ಕಟ್ಟೆಯ ಮೇಲೆ ಭಕ್ತಿಯಿಂದ ಇಟ್ಟು, ಹಣೆಯ ಬೆವರು ಒರೆಸಿಕೊಂಡರು.

"ನಾಳೆ ಕಾಡು ಗೀಡು ಅಂತ ನೀನು ಸುಮ್ನೆ ದಣೀಬೇಡ. ಹೊರಗೆ ಕಾಲಿಡೋದೇ ಬೇಡ. ಏನು ಬೇಕೋ ಕೂಗು, ಇಲ್ಲಿಗೇ ತಂದುಕೊಡ್ತೀನಿ."

ಇಷ್ಟು ಹೇಳಿ, ಒಗ್ಗರಣೆಯ ಘಾಟು ಹೊರಗೆ ಬರದಂತೆ ಅಡುಗೆಮನೆಯ ಬಾಗಿಲನ್ನು ಎಳೆದುಕೊಂಡರು, ಒಂದು ಆಲೂಗಡ್ಡೆ ತೂರುವಷ್ಟು ಸಂದು ಬಿಟ್ಟು.